ಬಿಡದ ರಾಟೆ

ನಮ್ಮ ಮನೆಯ ಬಟ್ಟೆ ಒಣಗಿಸುವ ಯಂತ್ರದ ಎದುರು ಭಾಗದಲ್ಲಿ ಹೆಬ್ಬೆರಳು ಗಾತ್ರದ ಒಂದು ತಗ್ಗು ಇದೆ. ಮನೆಗೆ ಬಂದವರು ಇದೇನೆಂದು ಕೇಳುವುದುಂಟು. "ಮಗನ ಟ್ರಕ್ಕಿನ ಕೆಲಸ" ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ಮಾತ್ರ ಆ ತಗ್ಗನ್ನು ಕಂಡಾಗಲೆಲ್ಲ ಎದೆ ಒಮ್ಮೆ ಝಲ್ಲೆನ್ನುತ್ತದೆ. ಆ ಕಬ್ಬಿಣದ ತುಂಡು ಅಲ್ಲಿಗೆ ಬಡಿಯುವ ಮೊದಲು ನನ್ನ ಮಗನ ಕಿವಿಯ ಪಕ್ಕದಲ್ಲೇ ಹಾರಿ ಹೋಗಿತ್ತು.

ನಾವು ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿದ್ದೇವೆ. ನಮ್ಮವರು ಊರಲ್ಲಿದ್ದಾಗ ಮಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಸ್ಸುಗಳ ಕೆಲಸ ಕಲಿತವರು. ಇಲ್ಲಿಗೆ ಬಂದ ಮೇಲೆ ಇಪ್ಪತ್ತು ವರ್ಷಗಳಿಂದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾರೆ. ಮಗನಿಗೆ ಹತ್ತೊಂಬತ್ತು ತುಂಬಿದ ವರ್ಷ, ಕಾಲೇಜಿನ ಫೀಸಿಗೆಂದು ರಜೆಯಲ್ಲಿ ದುಡಿದು ಕೂಡಿಟ್ಟ ಹಣವನ್ನೆಲ್ಲ ಸುರಿದು ಒಂದು ಹಳೆಯ ಟ್ರಕ್ ಕೊಂಡು ತಂದ. ನಮ್ಮವರು ಅದನ್ನು ಒಂದು ಸುತ್ತು ನೋಡಿದರು. "ಇದನ್ನು ಮಾರುವವರೆಗೆ ನನ್ನ ಹತ್ತಿರ ಮಾತಾಡಬೇಡ" ಎಂದು ಒಳಗೆ ಹೋದರು. ಆಮೇಲೆ ನಾಲ್ಕು ತಿಂಗಳು ತಂದೆ ಮಗ ಒಂದೇ ಮೇಜಿನಲ್ಲಿ ಉಂಡರೂ ಮಾತಿರಲಿಲ್ಲ. "ಅವನಿಗೆ ಹೇಳು", "ಬಾಪನಿಗೆ ಹೇಳಿ ಉಮ್ಮಾ" ಎಂದು ಎಲ್ಲವೂ ನನ್ನ ಮೂಲಕವೇ. ಒಂದು ಸತ್ಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವನು ಟ್ರಕ್ ಕೊಳ್ಳಲಿದ್ದಾನೆಂದು ನನಗೆ ಎರಡು ವಾರ ಮೊದಲೇ ಗೊತ್ತಿತ್ತು. ಜಗಳ ಬೇಡವೆಂದು ನಾನು ಅವರಿಗೆ ತಿಳಿಸಿರಲಿಲ್ಲ.

ಟ್ರಕ್ ಎಂದರೆ ನಮ್ಮೂರಿನ ಸರಕಿನ ಲಾರಿಯಲ್ಲ. ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಪಿಕಪ್, 2003ರ ಮಾದರಿ. ಮುಂದೆ ಸೀಟು, ಹಿಂದೆ ಸಾಮಾನು ಹಾಕುವ ತೊಟ್ಟಿ. ಆದರೆ ಒಳಗಿರುವುದು 5.4 ಲೀಟರಿನ ಎಂಟು ಸಿಲಿಂಡರುಗಳ ಇಂಜಿನ್. 1999ರಿಂದ 2004ರವರೆಗೆ ಬಂದ ಈ ಮಾದರಿಗಳಲ್ಲಿ ಇಂಜಿನ್ನಿನ ಮೇಲೆ ಸೂಪರ್‌ಚಾರ್ಜರ್ ಎಂಬ ಯಂತ್ರ ಕುಳಿತಿರುತ್ತದೆ. 2001ರ ನಂತರದವುಗಳ ಶಕ್ತಿ 380 ಅಶ್ವಶಕ್ತಿ. ಇಷ್ಟು ಶಕ್ತಿ ಹತ್ತೊಂಬತ್ತರ ಹುಡುಗನಿಗೆ ಏಕೆಂದು ನೀವೂ ಕೇಳುತ್ತೀರಿ. ನಾನೂ ಕೇಳಿದ್ದೆ.

ಸೂಪರ್‌ಚಾರ್ಜರ್ ಎಂದರೇನೆಂದು ಮಗ ವಿವರಿಸಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ನೆನಪಾದದ್ದು ಉಮ್ಮನ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಕೆಳಗೆ ದೊಡ್ಡ ಚಕ್ರ, ಮೇಲೆ ಚಿಕ್ಕ ಚಕ್ರ, ನಡುವೆ ಚರ್ಮದ ಬೆಲ್ಟ್. ಕೆಳಗಿನದು ಒಂದು ಸುತ್ತು ಬರುವಷ್ಟರಲ್ಲಿ ಮೇಲಿನದು ಹಲವು ಸುತ್ತು ತಿರುಗಿ ಸೂಜಿ ಓಡುತ್ತದೆ. ಇಲ್ಲಿಯೂ ಹಾಗೆಯೇ. ಇಂಜಿನ್ ತಿರುಗಿದಾಗ ಬೆಲ್ಟ್ ಮೂಲಕ ಸೂಪರ್‌ಚಾರ್ಜರಿನ ಪುಲ್ಲಿ, ಅಂದರೆ ನಮ್ಮ ಬಾವಿಯ ರಾಟೆಯಂತಹ ಚಕ್ರ, ತಿರುಗುತ್ತದೆ. ಒಂದೊಂದು ಸುತ್ತಿಗೂ ಅದು ಸುಮಾರು 1.8 ಲೀಟರ್ ಗಾಳಿಯನ್ನು ಇಂಜಿನ್ನಿಗೆ ತಳ್ಳುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು, ಶಕ್ತಿಯೂ ಹೆಚ್ಚು. ಮೇಲಿನ ಚಕ್ರವನ್ನು ಇನ್ನೂ ಚಿಕ್ಕದು ಮಾಡಿದರೆ? ಇನ್ನೂ ವೇಗವಾಗಿ ತಿರುಗುತ್ತದೆ. ವೇಗದ ಹುಚ್ಚಿನವರು ಮೂಲ ಪುಲ್ಲಿಯನ್ನು ತೆಗೆದು ಅಂಗಡಿಯಲ್ಲಿ ಸಿಗುವ ಚಿಕ್ಕದನ್ನು ಕೂರಿಸುವುದು ಇದಕ್ಕೇ.

ಈ ಟ್ರಕ್ಕಿನ ಹಿಂದಿನ ಮಾಲೀಕನೂ ಹಾಗೆಯೇ ಮಾಡಿದ್ದ. ಆದರೆ ಗಾಳಿ ಹೆಚ್ಚಿದ ಮೇಲೆ ಇಂಜಿನ್ನಿನ ಕಂಪ್ಯೂಟರಿಗೂ ಹೊಸ ಲೆಕ್ಕ ಕೊಡಿಸಬೇಕು. ಅದನ್ನು ಮಾಡಿಸಿರಲಿಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಒಳಗಿನ ಮಿಶ್ರಣ ತನ್ನಿಂದ ತಾನೇ ಸಿಡಿಯುತ್ತದೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದಾಗಲೆಲ್ಲ ಡಬ್ಬಿಯೊಳಗೆ ಗೋಲಿ ಅಲುಗಾಡಿಸಿದಂತಹ ಸದ್ದು. ಹೀಗೇ ಓಡಿಸಿದರೆ ಪಿಸ್ಟನ್ನಿಗೆ ತೂತು ಬೀಳುತ್ತದೆ ಎಂದು ಮೆಕ್ಯಾನಿಕ್ ಎಚ್ಚರಿಸಿದ. ಮಗನ ಮುಖ ಬಾಡಿತು. ಇಂಜಿನ್ ಹೋದರೆ ಮಾರಲೂ ಆಗದು, ಫೀಸಿನ ಹಣವೂ ಹೋಯಿತು. ಉಳಿದ ದಾರಿ ಒಂದೇ: ಚಿಕ್ಕ ಪುಲ್ಲಿಯನ್ನು ಕಿತ್ತು, ಮೂಲದ ಅಳತೆಯದನ್ನು ಮತ್ತೆ ಕೂರಿಸುವುದು.

ಕೇಳಲು ಸುಲಭ. ಆದರೆ ಈ ಪುಲ್ಲಿಗೆ ತಿರುಗಿಸಿ ಬಿಚ್ಚುವ ನಟ್ ಇಲ್ಲ. ದಂಡದ ಅಳತೆಗಿಂತ ಕೂದಲೆಳೆಯಷ್ಟು ಕಿರಿದಾದ ರಂಧ್ರ ಕೊರೆದು, ಭಾರೀ ಒತ್ತಡದಿಂದ ಅದನ್ನು ದಂಡದ ಮೇಲೆ ತಳ್ಳಿ ಕೂರಿಸಿರುತ್ತಾರೆ. ಬಿಗಿತವೇ ಅದರ ಬೀಗ. ಸಾಲದ್ದಕ್ಕೆ ಹಿಂದಿನವನು ಪುಲ್ಲಿ ಜಾರದಿರಲೆಂದು ಅಂಟನ್ನೂ ಬಳಿದಿದ್ದ. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳಿಗೆ ಹಿಮ ಕರಗಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಎಷ್ಟೋ ವರ್ಷ ಸಿಡಿದು ದಂಡದ ತುದಿಗೆ ತುಕ್ಕೂ ಹಿಡಿದಿತ್ತು.

ಕಳೆದ ವರ್ಷ ಮಾರ್ಚ್‌ನ ಒಂದು ಶನಿವಾರ ಮಗ ಕೆಲಸಕ್ಕಿಳಿದ. ನಾನು ಟಾರ್ಚ್ ಹಿಡಿದು ನಿಂತೆ. ಬ್ಯಾಟರಿಯ ತಂತಿ ಕಳಚಿದ, ಬೆಲ್ಟ್ ಬಿಚ್ಚಿದ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ. ಆಮೇಲೆ ಮೂರು ಕೊಕ್ಕೆಗಳ ಪುಲ್ಲರನ್ನು ಪುಲ್ಲಿಯ ಅಂಚಿಗೆ ಸಿಕ್ಕಿಸಿ ನಡುವಿನ ಬೋಲ್ಟ್ ಬಿಗಿಯತೊಡಗಿದ. ಬಿಗಿದ, ಇನ್ನೂ ಬಿಗಿದ. ಕನ್ನಡಕ ಹಾಕಿಕೋ ಎಂದು ನಾನು ಹೇಳುತ್ತಿದ್ದಂತೆಯೇ ಠಣ್ ಎಂದು ಒಂದು ಕೊಕ್ಕೆ ಹಾರಿತು. ತೆಳುವಾದ ಅಂಚು ಚೂರಾಗಿ ಮುರಿದಿತ್ತು. ಕೊಕ್ಕೆ ಅವನ ಕಿವಿಯ ಪಕ್ಕದಿಂದ ಹೋಗಿ ಬಟ್ಟೆಯ ಯಂತ್ರಕ್ಕೆ ಬಡಿಯಿತು.

ನನ್ನ ಕೈಕಾಲು ನಡುಗುತ್ತಿತ್ತು. ಅವನು ಸಿಟ್ಟಿನಿಂದ ಸುತ್ತಿಗೆ ಎತ್ತಿಕೊಂಡ. "ಬೇಡ ಮೋನೇ" ಎಂದು ಕೈ ಹಿಡಿದೆ. ಏಕೆ ಬೇಡವೆಂದು ನನಗೆ ಗೊತ್ತಿರಲಿಲ್ಲ. ಆದರೆ ಅಡಿಗೆ ಮನೆಯ ಒಂದು ಸಂಗತಿ ಗೊತ್ತಿತ್ತು. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲಿನ ಲೋಟಗಳನ್ನು ಗುದ್ದಿದರೆ ನೆಗ್ಗುತ್ತವೆಯೇ ಹೊರತು ಬಿಡುವುದಿಲ್ಲ. ಒಳಲೋಟಕ್ಕೆ ತಣ್ಣೀರು ತುಂಬಿ, ಹೊರಲೋಟವನ್ನು ಬಿಸಿನೀರಿನಲ್ಲಿಟ್ಟರೆ ತಾವಾಗಿಯೇ ಸಡಿಲಗೊಳ್ಳುತ್ತವೆ. "ಇದನ್ನೂ ಬಿಸಿ ಮಾಡಿದರೆ?" ಎಂದೆ. "ಇದು ಲೋಟವಲ್ಲ ಉಮ್ಮಾ" ಎಂದು ಅವನು ಗದರಿದ.

ನಾನು ಒಳಗೆ ಹೋದೆ. ಆ ದಿನ ಸಂದೇಶ ಒಯ್ಯಲಿಲ್ಲ, ಯಾರ ಪರವಾಗಿಯೂ ಮಾತಾಡಲಿಲ್ಲ. ಕೊಕ್ಕೆ ಹಾರಿದ್ದನ್ನು ಹೇಳಿದೆ. ಟ್ರಕ್ಕಿನ ವಿಷಯ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟದ್ದನ್ನೂ ಹೇಳಿದೆ. ಅವರು ತುಸು ಹೊತ್ತು ನನ್ನನ್ನೇ ನೋಡಿದರು. ಆ ನೋಟ ಬೈಗುಳಕ್ಕಿಂತ ಭಾರವಾಗಿತ್ತು. ಮತ್ತೆ ಎದ್ದು, ಚಪ್ಪಲಿ ಮೆಟ್ಟಿ ಗ್ಯಾರೇಜಿಗೆ ನಡೆದರು.

ಮುರಿದ ಅಂಚನ್ನು ಬೆರಳಿನಿಂದ ಸವರಿ, ಸುತ್ತಿಗೆಯನ್ನು ತೆಗೆದು ಮೇಲಿನ ಕಪಾಟಿನಲ್ಲಿಟ್ಟರು. ನಾಲ್ಕು ತಿಂಗಳ ನಂತರ ಮಗನೊಡನೆ ಆಡಿದ ಮೊದಲ ಮಾತು: "ಈ ದಂಡದ ಹಿಂದೆ ಬೇರಿಂಗ್ ಉಂಟು. ಹೊಡೆದರೆ ಪುಲ್ಲಿಗೆ ಏನೂ ಆಗುವುದಿಲ್ಲ, ಬೇರಿಂಗ್ ಸಾಯುತ್ತದೆ." ಎರಡನೆಯದು: "ನಿನ್ನ ಉಮ್ಮ ಹೇಳಿದ್ದು ಸರಿ. ಪುಲ್ಲಿ ಅಲ್ಯೂಮಿನಿಯಂ, ದಂಡ ಉಕ್ಕು. ಅದೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ."

ಮರುದಿನ ಗೆಳೆಯರೊಬ್ಬರಿಂದ ಸರಿಯಾದ ಸಾಧನ ತಂದರು. ಅದಕ್ಕೆ ಕೊಕ್ಕೆಗಳಿಲ್ಲ. ಎರಡು ಅರ್ಧ ಬಳೆಗಳು ಪುಲ್ಲಿಯ ಹಿಂಬದಿಯನ್ನು ಸುತ್ತಲೂ ಸಮನಾಗಿ ಹಿಡಿಯುತ್ತವೆ, ನಡುವಿನ ಬೋಲ್ಟ್ ದಂಡದ ತುದಿಯನ್ನು ನೇರವಾಗಿ ಒತ್ತುತ್ತದೆ. ಮೊದಲು ಪುಲ್ಲಿ ಎಷ್ಟು ಆಳಕ್ಕೆ ಕುಳಿತಿದೆಯೆಂದು ಅಳೆದು ಬರೆದಿಟ್ಟರು, ಹೊಸದು ಅದೇ ಗೆರೆಗೆ ಕೂರದಿದ್ದರೆ ಬೆಲ್ಟ್ ಓರೆಯಾಗಿ ಓಡಿ ಹರಿಯುತ್ತದೆ. ಬೋಲ್ಟಿನ ಮರೆಗಳಿಗೆ ಗ್ರೀಸ್ ಹಚ್ಚಿದರು. ಇಬ್ಬರೂ ಕನ್ನಡಕ ಹಾಕಿದರು. ಪೆಟ್ರೋಲಿನ ಹತ್ತಿರ ಬೆಂಕಿಯ ಜ್ವಾಲೆ ಸಲ್ಲದೆಂದು ಬಿಸಿಗಾಳಿ ಊದುವ ಗನ್ ಹಿಡಿದು, ಪುಲ್ಲಿಗೆ ಮಾತ್ರ ಶಾಖ ತಾಗುವಂತೆ ತಿರುಗಿಸುತ್ತಾ ಹೋದರು. ಹೆಚ್ಚಾದರೆ ಹಿಂದಿನ ಸೀಲ್ ಕೆಡುತ್ತದೆಯಂತೆ. ಶಾಖಕ್ಕೆ ಅಂಟೂ ಮೆತ್ತಗಾಗುತ್ತದೆ. ಸಾಧನದ ಮೇಲೆ ದಪ್ಪ ಬಟ್ಟೆ ಹೊದಿಸಿ "ಈಗ ಕಾಲು ಸುತ್ತು" ಎಂದರು. ಮಗ ಬಿಗಿದ. "ನಿಲ್ಲು." ಮತ್ತೆ ಶಾಖ. "ಕಾಲು ಸುತ್ತು. ನಿಲ್ಲು." ಹೀಗೆ ಮುಕ್ಕಾಲು ಗಂಟೆ. ಅವರಿಬ್ಬರ ನಡುವಿನ ಮಾತು ಅಷ್ಟೇ. ಆದರೆ ನನ್ನ ಮೂಲಕವಲ್ಲ.

ಟಕ್ ಎಂದು ಒಂದು ಸದ್ದಾಯಿತು. ಏನೋ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಪುಲ್ಲಿ ಅಕ್ಕಿಕಾಳಿನಷ್ಟು ಮುಂದೆ ಬಂದಿತ್ತು. ಅಲ್ಲಿಂದ ಮುಂದೆ ಸರಾಗ. ಮೂಲದ ಅಳತೆಯ ಪುಲ್ಲಿಯನ್ನೂ ಬಡಿಯದೆ, ಒತ್ತುವ ಸಾಧನದಿಂದಲೇ ಬರೆದಿಟ್ಟ ಆಳಕ್ಕೆ ಕೂರಿಸಿದರು. ಚಿಕ್ಕ ಪುಲ್ಲಿಗೆ ಹಾಕಿದ್ದ ಬೆಲ್ಟ್ ಗಿಡ್ಡವಾಯಿತು, ಮೊದಲಿನ ಉದ್ದದ್ದನ್ನು ತರಬೇಕಾಯಿತು. ಅದನ್ನು ತರಲು ತಂದೆ ಮಗ ಒಟ್ಟಿಗೇ ಹೋದರು.

ಆ ವಾರ ಹೆದ್ದಾರಿಯಲ್ಲಿ ಗೋಲಿಯ ಸದ್ದು ಕೇಳಲಿಲ್ಲ. ಬೇಸಿಗೆಯಲ್ಲಿ ಮಗ ತಾನಾಗಿಯೇ ಟ್ರಕ್ ಮಾರಿದ. ಕೊಂಡವರಿಗೆ ನಡೆದದ್ದನ್ನೆಲ್ಲ ಹೇಳಿಯೇ ಕೊಟ್ಟ. ಹಾಕಿದ ಹಣ ಪೂರ್ತಿ ಬರಲಿಲ್ಲ. ಕಡಿಮೆ ಬಿದ್ದದ್ದನ್ನು ಈಗಲೂ ಸಂಜೆ ದುಡಿದು ತುಂಬಿಸುತ್ತಿದ್ದಾನೆ.

ಸಹೋದರಿಯರೇ, ನಾಲ್ಕು ತಿಂಗಳು ನಾನು ಮಾಡಿದ್ದೂ ಆ ಕೊಕ್ಕೆಯ ಕೆಲಸವನ್ನೇ. ಒಮ್ಮೆ ಇವರ ಅಂಚು ಹಿಡಿದು, ಒಮ್ಮೆ ಅವನ ಅಂಚು ಹಿಡಿದು ಎಳೆದೆ. ಮುಚ್ಚಿಟ್ಟರೆ ಮನೆ ನೆಮ್ಮದಿಯಾಗಿರುತ್ತದೆ ಎಂದುಕೊಂಡೆ. ನಡುವಿನ ಮಾತನ್ನು ನೇರವಾಗಿ ಹೇಳಿದ ದಿನವೇ ಅದು ಸಡಿಲವಾಯಿತು. ನಮ್ಮವರು ಆ ವಿಷಯದಲ್ಲಿ ನನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲವೆಂದು ನನಗೆ ಗೊತ್ತು. ಅವಸರ ಮಾಡುವುದಿಲ್ಲ. ಮುರಿದ ಅಂಚಿನ ಆ ಪುಲ್ಲಿ ಈಗ ನಮ್ಮ ಅಡಿಗೆ ಮನೆಯ ಕಿಟಕಿಯಲ್ಲಿದೆ. ಬಿಸಿ ಪಾತ್ರೆ ಇಳಿಸಿಡಲು ಚೆನ್ನಾಗಿದೆ.