ಮಾರಿಟ್ಸ್‌ಬರ್ಗಿನಲ್ಲಿ ಒಂದು ಹಗಲು

ದಕ್ಷಿಣ ಆಫ್ರಿಕಕ್ಕೆ ಹೋದವರು ಬಹುಮಟ್ಟಿಗೆ ಕಾಡಿನ ಸಿಂಹಗಳನ್ನೋ ಚಿನ್ನದ ಗಣಿಗಳನ್ನೋ ನೋಡಬಯಸುತ್ತಾರೆ. ನಾನು ನೋಡಬಯಸಿದ್ದು ಒಂದು ರೈಲು ನಿಲ್ದಾಣವನ್ನು. ಮೂವತ್ತು ವರ್ಷ ತರಗತಿಯಲ್ಲಿ ಅದರ ಕಥೆಯನ್ನು ಹೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಕಡಲತೀರದ ಡರ್ಬನ್ನಿನಿಂದ ಸುಮಾರು 80 ಕಿಲೋಮೀಟರ್ ಒಳನಾಡಿನಲ್ಲಿ, ಬೆಟ್ಟಗಳ ನಡುವೆ ಪೀಟರ್‌ಮಾರಿಟ್ಸ್‌ಬರ್ಗ್ ನಗರವಿದೆ. ಕೆಂಪು ಇಟ್ಟಿಗೆಯ ಪುರಭವನ ಅದರ ಹೆಮ್ಮೆ. ನಿಲ್ದಾಣವೂ ಕೆಂಪು ಇಟ್ಟಿಗೆಯದೇ. 1893ರ ಜೂನ್ 7ರ ರಾತ್ರಿ, ಮೊದಲ ದರ್ಜೆಯ ಟಿಕೆಟು ಕೈಯಲ್ಲಿದ್ದರೂ, ಇಪ್ಪತ್ತಮೂರು ವರ್ಷದ ಬ್ಯಾರಿಸ್ಟರ್ ಗಾಂಧಿಯವರನ್ನು ಇಲ್ಲಿ ಗಾಡಿಯಿಂದ ಹೊರದೂಡಿದರು. ಅವರ ಮೈಬಣ್ಣವೇ ಅವರ ಅಪರಾಧವಾಗಿತ್ತು. ಅಲ್ಲಿ ಜೂನ್ ಎಂದರೆ ಚಳಿಗಾಲ. ಮೇಲಂಗಿ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಅಧಿಕಾರಿಗಳ ವಶದಲ್ಲಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಅವರು ಕೇಳಲಿಲ್ಲ. ನಡುಗುತ್ತ ಕುಳಿತು ಯೋಚಿಸಿದರು: ತಾಯ್ನಾಡಿಗೆ ಮರಳಲೋ, ಇಲ್ಲೇ ನಿಂತು ಹೋರಾಡಲೋ? ನಿಂತರು. 1914ರವರೆಗೆ ಆ ನಾಡಿನ ಹೋರಾಟ ಅವರದಾಯಿತು.

ನಿರೀಕ್ಷಣಾ ಕೊಠಡಿಯಲ್ಲಿ ನಾನೂ ಸ್ವಲ್ಪ ಹೊತ್ತು ಕುಳಿತೆ. ಗಾಂಧೀಜಿಯನ್ನು ನೆನೆಯಲೆಂದು ಕುಳಿತವನಿಗೆ ನೆನಪಾದುದು ಬೇರೊಬ್ಬ. ಬಾಲ್ಯದ ನಮ್ಮ ಶಾಲೆಯಲ್ಲಿ ನಾವೆಲ್ಲರೂ ಮಡಕೆಯಿಂದ ನೀರನ್ನು ನಾವೇ ತೆಗೆದುಕೊಂಡು ಕುಡಿಯುತ್ತಿದ್ದೆವು. ಒಬ್ಬ ಸಹಪಾಠಿ ಮಾತ್ರ ಹೊರಗೆ ಬೊಗಸೆಯೊಡ್ಡಿ ನಿಲ್ಲಬೇಕಾಗಿತ್ತು. ಯಾರಾದರೂ ಮೇಲಿನಿಂದ ಸುರಿಯುತ್ತಿದ್ದರು. ಎಷ್ಟೋ ಸಲ ಸುರಿದವನು ನಾನೇ. ಅದರಲ್ಲಿ ತಪ್ಪಿದೆಯೆಂದು ಆಗ ನನಗೆ ತೋರಿರಲಿಲ್ಲ.

ಮಧ್ಯಾಹ್ನ ಹೋವಿಕ್ ಎಂಬ ಸಮೀಪದ ಊರಿಗೆ ಹೋದೆವು. ಅಲ್ಲಿ ಉಮ್‌ಗೇನಿ ನದಿ ಸುಮಾರು 95 ಮೀಟರ್ ಆಳಕ್ಕೆ ಧುಮುಕುತ್ತದೆ. ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದುದು ಊರಾಚೆಯ ರಸ್ತೆ. 1962ರ ಆಗಸ್ಟ್ 5ರಂದು ಕಾರುಚಾಲಕನ ವೇಷದಲ್ಲಿದ್ದ ನೆಲ್ಸನ್ ಮಂಡೇಲಾ ಅಲ್ಲಿ ಸೆರೆಯಾದರು. ಅವರಿಗೆ ಮತ್ತೆ ಬಿಡುಗಡೆಯಾದುದು 1990ರಲ್ಲಿ. ಸೆರೆಯ ಐವತ್ತನೆಯ ವರ್ಷ, 2012ರಲ್ಲಿ, ಅಲ್ಲಿ ಐವತ್ತು ಉಕ್ಕಿನ ಕಂಬಗಳನ್ನು ನಿಲ್ಲಿಸಿದ್ದಾರೆ. ಹತ್ತಿರದಿಂದ ನೋಡಿದರೆ ಅವು ಬರಿಯ ಕಂಬಗಳು. ದೂರದ ಒಂದು ನಿಶ್ಚಿತ ಸ್ಥಳದಲ್ಲಿ ನಿಂತಾಗ ಮಾತ್ರ ಅವೆಲ್ಲ ಕೂಡಿ ಮಂಡೇಲಾರ ಮುಖವಾಗುತ್ತವೆ.

ಇದೇ ಮಂಡೇಲಾ 1997ರಲ್ಲಿ, ಆ ದೇಶದ ಅಧ್ಯಕ್ಷರಾಗಿ, ಅದೇ ನಿಲ್ದಾಣಕ್ಕೆ ಬಂದು ಗಾಂಧೀಜಿಯವರಿಗೆ ಮರಣೋತ್ತರವಾಗಿ ನಗರದ ಗೌರವ ಪೌರತ್ವವನ್ನು ಅರ್ಪಿಸಿದರು. ಹೊರದೂಡಿದ ಊರೇ ನೂರು ವರ್ಷಗಳ ಮೇಲೆ ಬಾಗಿಲು ತೆರೆದು ಕರೆಯಿತು.

ಕಂಬಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಆ ಸಹಪಾಠಿಯ ಬೊಗಸೆ ನನಗೆ ಚೆನ್ನಾಗಿ ನೆನಪಿದೆ; ಮುಖ ನೆನಪಿಲ್ಲ. ನೀರು ಸುರಿಯುವಾಗ ನಾನು ಅವನ ಮುಖವನ್ನು ನೋಡಿರಲೇ ಇಲ್ಲ. ನೋಡಬೇಕಾದ ಸ್ಥಳದಲ್ಲಿ ನಿಂತು ನೋಡುವುದನ್ನು ಕಲಿಯಲು ನನಗೆ ಇಷ್ಟು ದೂರದ ಪ್ರಯಾಣ ಬೇಕಾಯಿತು. ಎಳೆಯರಾದ ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ಪಕ್ಕದ ಬೆಂಚಿನತ್ತ ತಿರುಗಿದರೆ ಸಾಕು.