ಎಳ್ಳೆಣ್ಣೆ ಕುಡಿದ ರಾಜನ ಊರಿನಲ್ಲಿ

ಹಂಪಿಯ ಮಹಾನವಮಿ ದಿಬ್ಬ ಹತ್ತಿ ಸುತ್ತ ನೋಡಿದರೆ ಅರಮನೆಗಳ ಕಲ್ಲಿನ ಅಡಿಪಾಯಗಳಷ್ಟೇ ಕಾಣುತ್ತವೆ. ಅವುಗಳ ಮೇಲಿದ್ದ ಮರದ ಕಂಬ, ಮಾಡು ಯಾವುದೂ ಉಳಿದಿಲ್ಲ. 1565ರ ಯುದ್ಧದ ನಂತರ ಊರು ಹಾಳಾಯಿತು. ಆದರೂ ಇಲ್ಲಿದ್ದ ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಎಣ್ಣೆ ಹಚ್ಚಿಸಿಕೊಂಡು ಬೆವರಿಳಿಯುವವರೆಗೆ ಕತ್ತಿವರಸೆ ಮಾಡುತ್ತಿದ್ದ, ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿದು ಆಮೇಲೆ ಕುದುರೆ ಹತ್ತುತ್ತಿದ್ದ ಎಂದು ನಮಗೆ ಗೊತ್ತು. ಹೇಗೆ?

ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಸುಮಾರು 1520ರಲ್ಲಿ ಇಲ್ಲಿಗೆ ಬಂದು, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟ. ಊರು ಎಷ್ಟು ದೊಡ್ಡದೆಂದು ನೋಡಲು ಗುಡ್ಡ ಹತ್ತಿದನಂತೆ. ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ. ಕಂಡಷ್ಟೇ ರೋಮ್ ನಗರದಷ್ಟಿದೆ ಎಂದು ಬರೆದ. ಅಳತೆಯ ಲೆಕ್ಕಕ್ಕಿಂತ ಅವನ ಈ ಬೆರಗೇ ನನಗೆ ಇಷ್ಟ.

ಮಕ್ಕಳೇ, ದಸರಾ ರಜೆಯಲ್ಲಿ ಹಂಪಿಗೆ ಹೋದರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫಲಕದಲ್ಲಿರುವುದನ್ನು ನಕಲು ಮಾಡಬೇಡಿ, ಅದು ಅಲ್ಲೇ ಇರುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಗಿರಗಿರ ತಿರುಗಿದಾಗ ಅಂಬಿಗ ಏನೆಂದ, ದೇವಸ್ಥಾನದ ಆನೆ ಸೊಂಡಿಲೆತ್ತಿದಾಗ ತಂಗಿ ಯಾರ ಹಿಂದೆ ಅಡಗಿದಳು, ಅದನ್ನು ಬರೆಯಿರಿ. ಅಂದೇ ರಾತ್ರಿ ಬರೆಯಿರಿ. ಬೆಳಗಾಗುವಷ್ಟರಲ್ಲಿ ಅಂಬಿಗನ ಮಾತು ಅರ್ಧ ಮರೆತಿರುತ್ತದೆ. ಅಜ್ಜ ಅಜ್ಜಿ ಜೊತೆಗಿದ್ದರೆ, ಅವರು ಹಿಂದೆ ಬಂದಿದ್ದಾಗ ಬಸ್ಸು ಎಲ್ಲಿಯವರೆಗೆ ಬರುತ್ತಿತ್ತು, ಬುತ್ತಿಯಲ್ಲಿ ಏನಿತ್ತು, ರಾತ್ರಿ ಎಲ್ಲಿ ಮಲಗಿದರು ಎಂದು ಕೇಳಿ. ಪಕ್ಕದ ಪುಟದಲ್ಲಿ ಅವರ ಕೈಯಲ್ಲೇ ಬರೆಸಿ.