ಕತ್ತಲ ಕೋಣೆಯ ಬೆಳಕು

ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಬದಿಯಲ್ಲಿ ಒಂದು ಕತ್ತಲ ಕೋಣೆಯುಂಟು. ಸಣ್ಣ ಕಿಂಡಿಯಿಂದ ಒಳಬರುವ ಬೆಳಕು ಎದುರು ಗೋಡೆಯ ಮೇಲೆ ಪೂರ್ವದ ಮಹಾಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬಾಲ್ಯದಲ್ಲಿ ದರೋಜಿಯಿಂದ ತಂದೆಯವರೊಡನೆ ಹೋಗಿ ಅದನ್ನು ಕಂಡಾಗ ಕಣ್ಣು ಕೀಳಲಾಗಿರಲಿಲ್ಲ. ಛಾಯಾಗ್ರಹಣದ ಮೂಲತತ್ತ್ವವೇ ಅದೆಂದು ತಿಳಿದದ್ದು ಬಹಳ ತಡವಾಗಿ.

ನಮ್ಮ ಮನೆಯಲ್ಲಿ ಸಿನಿಮಾಕ್ಕೆ ಮರ್ಯಾದೆಯಿರಲಿಲ್ಲ. ಇಷ್ಟಲಿಂಗ ಪೂಜೆ, ದುಡಿಮೆ, ದಾಸೋಹ ಇವುಗಳ ನಡುವೆ ಅದು ಕಾಲಹರಣದ ಸಾಧನವೆಂಬುದು ತಂದೆಯವರ ನಿಲುವು. ನನ್ನ ಎಣಿಕೆ ಬದಲಾದದ್ದು ಸಾಗರದ ಬಳಿಯ ಹೆಗ್ಗೋಡಿಗೆ ಶಿಬಿರಾರ್ಥಿಯಾಗಿ ಹೋದಾಗ. ಅಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿಯೇ ಚಿತ್ರಸಮಾಜವನ್ನು ಆರಂಭಿಸಿ, ಅಡಕೆ ತೋಟಗಳ ನಡುವಿನ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತ್ತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಇಟಲಿಯ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ನನ್ನನ್ನು ಬಹುವಾಗಿ ಕಲಕಿತು. ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಬಡವನ ಸೈಕಲ್ ಕಳುವಾಗುತ್ತದೆ. ಸೈಕಲ್ ಇಲ್ಲದೆ ಕೆಲಸವಿಲ್ಲ. ಮಗನೊಡನೆ ರೋಮ್ ನಗರದ ಬೀದಿಬೀದಿ ಅಲೆಯುವ ಆ ತಂದೆಯನ್ನು ಕಂಡಾಗ, ಕಾಯಕ ಕಸಿದುಕೊಂಡರೆ ಮನುಷ್ಯನ ಮಾನವೇ ಹೋದಂತೆ ಎಂಬುದು ಮನದಟ್ಟಾಯಿತು. ಇರಾನಿನ ಕಿಯರೋಸ್ತಮಿಯ 1987ರ ಚಿತ್ರದಲ್ಲಿ ಬಾಲಕನೊಬ್ಬ ತಪ್ಪಿ ತಂದ ಸಹಪಾಠಿಯ ನೋಟುಪುಸ್ತಕವನ್ನು ಮರಳಿಸಲು ಗುಡ್ಡ ಹತ್ತಿ ಪಕ್ಕದೂರಿಗೆ ಓಡುತ್ತಾನೆ. ಕೊಕೇರ್ ಎಂಬ ಆ ಹಳ್ಳಿ 1990ರ ಭೂಕಂಪದಲ್ಲಿ ನಲುಗಿತು. ಗುಡ್ಡದ ಮೇಲಿನ ಆ ಅಂಕುಡೊಂಕು ದಾರಿಯಲ್ಲಿ ಒಮ್ಮೆ ನಡೆಯಬೇಕೆಂಬ ಆಸೆ ನನ್ನಲ್ಲಿ ಬೇರೂರಿತು.

ದರೋಜಿಯ ಸ್ಟೇಷನ್ನಿನಲ್ಲಿ ನಿಂತು, ಸಾಗಿಹೋಗುವ ರೈಲುಗಳನ್ನು ಎಣಿಸಿ ಬೆಳೆದವರು ನಾವು. ನಮ್ಮ ಬಂಡೆಗಳನ್ನು ನೋಡಲು ಪರದೇಶದವರು ಹಂಪೆಗೆ ಬರುತ್ತಾರೆ. ಅವರ ಬೀದಿಗಳನ್ನು ನಾವೇಕೆ ನೋಡಬಾರದು? ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಪಾಸ್‌ಪೋರ್ಟ್ ಮಾಡಿಸಿದೆ. ಅದೇ ವರ್ಷ ಅವ್ವ, ಕೂಡಲಸಂಗಮಕ್ಕೆ ಕರೆದುಕೊಂಡು ಹೋಗೆಂದು ಕೇಳಿದಳು. ‘ಹೋಗೋಣವ್ವ, ಮುಂದಿನ ವರ್ಷ’ ಎಂದೆ. ಇದು ನಾನು ಆ ಮಾತು ಹೇಳಿದ ಮೂರನೆಯ ಸಲ.

ಒಂದು ರಾತ್ರಿ ಮನೆಯಲ್ಲಿ ಜಪಾನಿನ ಓಜು ಅವರ ‘ಟೋಕಿಯೋ ಸ್ಟೋರಿ’ ನೋಡುತ್ತಿದ್ದೆ. 1953ರ ಚಿತ್ರ. ಒನೊಮಿಚಿ ಎಂಬ ಊರಿನ ವೃದ್ಧ ದಂಪತಿಗಳು ಮಕ್ಕಳನ್ನು ಕಾಣಲು ರಾಜಧಾನಿಗೆ ಬರುತ್ತಾರೆ. ಮಕ್ಕಳು ಕೆಟ್ಟವರಲ್ಲ, ಆದರೆ ಬಿಡುವಿಲ್ಲದವರು. ತಂದೆತಾಯಿಯರನ್ನು ಬಿಸಿನೀರ ಬುಗ್ಗೆಯ ಊರೊಂದಕ್ಕೆ ಸಾಗಹಾಕುತ್ತಾರೆ. ಆದರಿಸುವವಳು ವಿಧವೆ ಸೊಸೆಯೊಬ್ಬಳೇ. ಊರಿಗೆ ಮರಳಿದೊಡನೆ ತಾಯಿ ತೀರಿಕೊಳ್ಳುತ್ತಾಳೆ. ಅವ್ವ ಯಾವಾಗಲೋ ಬಂದು ನನ್ನ ಹಿಂದೆ ಕುಳಿತಿದ್ದಳು. ಮುಗಿದ ಮೇಲೆ, ‘ತಿಳೀತೇನವ್ವ?’ ಎಂದು ಕೇಳಿದೆ.

‘ಮಾತು ತಿಳೀಲಿಲ್ಲಪ್ಪ. ಆ ಮಕ್ಕಳ ಮುಖ ತಿಳೀತು’ ಎಂದು ಎದ್ದುಹೋದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ವಾರ ಕಳೆಯುವುದರೊಳಗೆ ಹೊಸಪೇಟೆ, ಕುಷ್ಟಗಿ, ಇಳಕಲ್ಲುಗಳ ಮಾರ್ಗವಾಗಿ ಅವ್ವನನ್ನು ಕೂಡಲಸಂಗಮಕ್ಕೆ ಕರೆದೊಯ್ದೆ. ಕೃಷ್ಣೆ-ಮಲಪ್ರಭೆಯರು ಕೂಡುವಲ್ಲಿ, ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಬೇಕು. ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲಿಳಿದ ಅವ್ವ, ಮೇಲೆ ಬಂದು ನದಿಯನ್ನೇ ನೋಡುತ್ತ, ‘ಆ ಜಪಾನಿನ ಅವ್ವನೂ ನೀರು ನೋಡ್ಕೊಂಡು ಕುಂತಿದ್ಲಲ್ಲ’ ಎಂದಳು. ಅವಳ ಬಾಳಿನ ಕೊನೆಯ ಯಾತ್ರೆ ಅದೇ ಆಯಿತು.

ದೇಶ ನೋಡುವ ಆಸೆ ನಮ್ಮ ಧರ್ಮಕ್ಕೆ ಹೊರತಾದುದಲ್ಲ. ಜಂಗಮವೆಂದರೆ ಚಲಿಸುವುದು. ಕಾಶ್ಮೀರದ ಅರಸು ರಾಜ್ಯ ತೊರೆದು ಕಲ್ಯಾಣಕ್ಕೆ ಬಂದು, ಸೌದೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಸೌರಾಷ್ಟ್ರದಿಂದ ಆದಯ್ಯನವರು ಬಂದರು. ಅವರು ಬಂದದ್ದು ಊರು ನೋಡಲಿಕ್ಕಲ್ಲ, ಮನುಷ್ಯರನ್ನು ಅರಿಯಲಿಕ್ಕೆ. ಒಳ್ಳೆಯ ಚಿತ್ರವೂ ಅರಿಯದ ಭಾಷೆಯ ಮನುಷ್ಯರನ್ನು ‘ಇವನಮ್ಮವ’ ಎನ್ನಿಸುತ್ತದೆ. ಆದರೆ ದೂರದವರಿಗಾಗಿ ಕಣ್ಣೀರಿಟ್ಟು ಪಕ್ಕದಲ್ಲಿದ್ದವರನ್ನು ಮರೆತರೆ, ನೋಡಿದ್ದೆಲ್ಲ ಗೋಡೆಯ ಮೇಲಿನ ತಲೆಕೆಳಗಾದ ಗೋಪುರವೇ ಸರಿ.

ಮಕ್ಕಳು ಪರದೇಶದ ಚಿತ್ರ ನೋಡುವುದನ್ನು ಕಂಡು ತಾಯಂದಿರು ಗದರಬೇಕಾಗಿಲ್ಲ. ಜೊತೆಗೆ ಕುಳಿತು ನೋಡಲಿ. ಮಕ್ಕಳೂ ಕತೆಯನ್ನು ಬಿಡಿಸಿ ಹೇಳಲಿ.

ನನ್ನ ಪಾಸ್‌ಪೋರ್ಟ್ ಇನ್ನೂ ಪೆಟ್ಟಿಗೆಯಲ್ಲಿದೆ. ಕೊಕೇರಿನ ಆ ದಾರಿ ಈಗಲೂ ಕರೆಯುತ್ತದೆ. ಹೋಗುವ ಕಾಲ ಬಂದರೆ ಹೋದೇನು, ಬಾರದಿದ್ದರೂ ಕೊರಗಿಲ್ಲ. ಹೋಗಲೇಬೇಕಾಗಿದ್ದ ದಾರಿಯನ್ನು ಅವ್ವನೊಡನೆ ನಡೆದು ಬಂದಿದ್ದೇನೆ.